ಯಾವ ಓದಿಗೆ ಯಾವ ಎಐ? ಡಿಗ್ರಿ ವಿದ್ಯಾರ್ಥಿಗಳಿಗೊಂದು ಹೋಲಿಕೆ

“ಮೇಡಂ, ಇದ್ರಲ್ಲಿ ಯಾವ್ದು ಬೆಸ್ಟು?”

ಬಿಸಿಎ ತರಗತಿಗಳಿಗೆ ಪಾಠ ಮಾಡುವ ನನಗೆ ಇಂಟರ್ನಲ್ಸ್ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಕೇಳುವವರ ಫೋನಿನಲ್ಲಿ ಚಾಟ್‌ಜಿಪಿಟಿ, ಜೆಮಿನೈ, ಪರ್ಪ್ಲೆಕ್ಸಿಟಿ ಮೂರೂ ಕೂತಿರುತ್ತವೆ. ನೋಡುವುದಕ್ಕೆ ಮೂರೂ ಒಂದೇ ಥರ: ಕೆಳಗೆ ಪ್ರಶ್ನೆ ಹಾಕುವ ಜಾಗ, ಮೇಲೆ ಉದ್ದುದ್ದ ಉತ್ತರ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದಾಗ ಆರಿಸಿಕೊಳ್ಳುವ ತಾಪತ್ರಯವೇ ಇರಲಿಲ್ಲ. ಈಗ ಶಿವಮೊಗ್ಗದ ಅಡಿಕೆ ಮಂಡಿಗೆ ಹೋದಂತೆ, ಸರಕು, ಬೆಟ್ಟೆ, ರಾಶಿ, ಗೊರಬಲು ಎಲ್ಲ ಒಟ್ಟಿಗೇ ಹರಡಿಕೊಂಡಿವೆ. ಗುರುತಿಸಲು ಬಾರದವರಿಗೆ ಎಲ್ಲವೂ ಅಡಿಕೆಯೇ.

ಅವಸರದಲ್ಲಿರುವವರಿಗೆ ನನ್ನ ಉತ್ತರ ಇಷ್ಟು. ಪಾಠ ಅರ್ಥವಾಗಬೇಕಿದ್ದರೆ ಚಾಟ್‌ಜಿಪಿಟಿಯ ಸ್ಟಡಿ ಮೋಡ್ ಅಥವಾ ಜೆಮಿನೈನ ಗೈಡೆಡ್ ಲರ್ನಿಂಗ್. ಪರೀಕ್ಷೆಗೆ ಮೊದಲು ನಿಮ್ಮದೇ ನೋಟ್ಸ್ ತಿರುವಿಹಾಕಲು ಗೂಗಲ್‌ನ ನೋಟ್‌ಬುಕ್‌ಎಲ್‌ಎಮ್. ಪ್ರಾಜೆಕ್ಟಿಗೆ ಆಕರ ಹುಡುಕಲು ಪರ್ಪ್ಲೆಕ್ಸಿಟಿಯಿಂದ ಶುರು ಮಾಡಿ, ಅಲ್ಲೇ ನಿಲ್ಲಬೇಡಿ. ಕೋಡಿಂಗ್‌ಗೆ ಗಿಟ್‌ಹಬ್ ಕೋಪೈಲಟ್ ಒಳ್ಳೆಯದು, ಮೊದಲ ವರ್ಷ ಮಾತ್ರ ಬೇಡ. ಕನ್ನಡ ಸಾಹಿತ್ಯದ ಅಸೈನ್‌ಮೆಂಟಿಗೆ ಇವುಗಳಲ್ಲಿ ಯಾವುದನ್ನೂ ನಂಬಿ ಕೂರಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಉತ್ತರ ಹೇಳುವುದೋ, ಪ್ರಶ್ನೆ ಕೇಳುವುದೋ

ಒಂದು ಆ್ಯಪಿಗೂ ಇನ್ನೊಂದಕ್ಕೂ ಇರುವ ಅಂತರಕ್ಕಿಂತ, ಒಂದೇ ಆ್ಯಪನ್ನು ಎರಡು ರೀತಿ ಬಳಸುವುದರಲ್ಲಿರುವ ಅಂತರ ದೊಡ್ಡದು. ಇದು ಮೇಷ್ಟರುಗಳ ಉಪದೇಶ ಅಂದುಕೊಳ್ಳಬೇಡಿ, ಅಳೆದು ನೋಡಿದ್ದಾರೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಟರ್ಕಿಯ ಒಂದು ಹೈಸ್ಕೂಲಿನಲ್ಲಿ ಸುಮಾರು ಸಾವಿರ ಮಕ್ಕಳನ್ನು ಮೂರು ಗುಂಪು ಮಾಡಿ ಗಣಿತ ಕಲಿಸಿದರು. ಒಂದು ಗುಂಪಿಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಮಾಮೂಲಿ ಚಾಟ್‌ಬಾಟ್. ಇನ್ನೊಂದಕ್ಕೆ ಸುಳಿವು ಮಾತ್ರ ಕೊಡುವಂತೆ ತಿದ್ದಿದ ಚಾಟ್‌ಬಾಟ್. ಮೂರನೆಯದಕ್ಕೆ ಪುಸ್ತಕವಷ್ಟೇ. ಅಭ್ಯಾಸದ ಲೆಕ್ಕಗಳಲ್ಲಿ ಮೊದಲ ಗುಂಪಿನ ಅಂಕ ಶೇ 48ರಷ್ಟು, ಎರಡನೆಯದರ ಅಂಕ ಶೇ 127ರಷ್ಟು ಏರಿತು. ಆಮೇಲೆ ಎಐ ಕಿತ್ತುಕೊಂಡು ಪರೀಕ್ಷೆ ಕೊಟ್ಟರು. ಮಾಮೂಲಿ ಚಾಟ್‌ಬಾಟ್ ಬಳಸಿದವರು, ಅದನ್ನು ಮುಟ್ಟದೇ ಇದ್ದವರಿಗಿಂತಲೂ ಶೇ 17ರಷ್ಟು ಕಡಿಮೆ ತೆಗೆದರು. ಸುಳಿವಿನ ಗುಂಪಿಗೆ ಆ ಪೆಟ್ಟು ಬೀಳಲಿಲ್ಲ. ಹಾಗಂತ ಪುಸ್ತಕದವರನ್ನು ಮೀರಿಸಿಯೂ ಹೋಗಲಿಲ್ಲ, ಇದನ್ನೂ ಮರೆಯಬಾರದು.

ನಮ್ಮ ಪರೀಕ್ಷೆಗಳನ್ನು ನೆನೆಸಿಕೊಳ್ಳಿ. ಇಂಟರ್ನಲ್ಸ್ ಬ್ಲೂ ಬುಕ್‌ನಲ್ಲಿ, ಸೆಮಿಸ್ಟರ್ ಪರೀಕ್ಷೆ ಮೂರು ಗಂಟೆ ಪೆನ್ನಿನಲ್ಲಿ. ಫೋನ್ ಹೊರಗೆ ಬ್ಯಾಗಿನಲ್ಲಿರುತ್ತದೆ.

ಆದ್ದರಿಂದ ಪಾಠ ಅರ್ಥ ಮಾಡಿಕೊಳ್ಳಲು ಕೂತಾಗ ಕಲಿಕೆಗೆಂದೇ ಇರುವ ಮೋಡ್ ಹಾಕಿಕೊಳ್ಳಿ. ಚಾಟ್‌ಜಿಪಿಟಿಯಲ್ಲಿ ಸ್ಟಡಿ ಮೋಡ್ 2025ರ ಜುಲೈನಲ್ಲಿ ಬಂತು, ಜೆಮಿನೈನಲ್ಲಿ ಗೈಡೆಡ್ ಲರ್ನಿಂಗ್ ಅದರ ಮರುತಿಂಗಳು. ಕ್ಲಾಡ್ ಎಂಬ ಇನ್ನೊಂದು ಚಾಟ್‌ಬಾಟ್‌ನವರು ಲರ್ನಿಂಗ್ ಮೋಡನ್ನು ಅದೇ ವರ್ಷದ ಏಪ್ರಿಲ್‌ನಲ್ಲೇ ವಿಶ್ವವಿದ್ಯಾಲಯಗಳಿಗೆಂದು ತಂದಿದ್ದರು. ಮೂರಕ್ಕೂ ಒಂದೇ ಪಾಠ ಕೊಟ್ಟು ನೋಡಿದೆ. ಡಿಬಿಎಂಎಸ್‌ನಲ್ಲಿ, ಅಂದರೆ ಡೇಟಾಬೇಸ್ ಪಾಠದಲ್ಲಿ, ಎಲ್ಲರೂ ಎಡವುವ ಜಾಗ: ಒಂದು ಟೇಬಲ್ ಮೂರನೇ ನಾರ್ಮಲ್ ಫಾರ್ಮ್‌ನಲ್ಲಿದ್ದೂ (ಟೇಬಲನ್ನು ಅಚ್ಚುಕಟ್ಟಾಗಿ ಜೋಡಿಸುವ ಒಂದು ನಿಯಮ) ಅದಕ್ಕಿಂತ ಬಿಗಿಯಾದ ಬಾಯ್ಸ್-ಕಾಡ್ ನಾರ್ಮಲ್ ಫಾರ್ಮ್‌ನಲ್ಲಿ ಯಾಕಿರುವುದಿಲ್ಲ? ವಿದ್ಯಾರ್ಥಿ, ವಿಷಯ, ಅಧ್ಯಾಪಕ ಎಂಬ ಮೂರು ಕಾಲಂ. ಒಬ್ಬ ಅಧ್ಯಾಪಕ ಒಂದೇ ವಿಷಯ ಹೇಳಿಕೊಡುತ್ತಾನೆ. ಇದು ಹಳೆಯ ಉದಾಹರಣೆ, ಪಠ್ಯಪುಸ್ತಕಗಳಲ್ಲೆಲ್ಲ ಇದೆ.

ಮಾಮೂಲಿ ಚಾಟ್‌ನಲ್ಲಿ ಕೇಳಿದಾಗ ಒಂದೂವರೆ ಪುಟದ ಉತ್ತರ ಸುರಿಯಿತು. ತಪ್ಪೇನೂ ಇರಲಿಲ್ಲ. ಓದಿ ತಲೆಯಾಡಿಸಬಹುದು, ಮರುದಿನಕ್ಕೆ ಮರೆಯಬಹುದು. ಸ್ಟಡಿ ಮೋಡ್ ಮಾತ್ರ ಮೊದಲು ನನಗೆ ಏನು ಗೊತ್ತು ಎಂದು ಕೇಳಿತು. ಆಮೇಲೆ “ಅಧ್ಯಾಪಕನಿಂದ ವಿಷಯ ತಿಳಿಯುತ್ತದೆ, ಸರಿ. ಆದರೆ ಅಧ್ಯಾಪಕ ಎಂಬ ಕಾಲಂ ಇಲ್ಲಿ ಕೀ ಹೌದೋ ಅಲ್ಲವೋ?” ಎಂಬರ್ಥದ ಪ್ರಶ್ನೆ ಹಾಕಿ ಸುಮ್ಮನೆ ಕೂತಿತು. ಆ ಒಂದು ಪ್ರಶ್ನೆಯಲ್ಲೇ ಇಡೀ ಗಂಟು ಬಿಚ್ಚಿಕೊಳ್ಳುತ್ತದೆ. ಜೆಮಿನೈ ನಡುನಡುವೆ ಚಿತ್ರ, ವಿಡಿಯೊ, ಸಣ್ಣ ಕ್ವಿಜ್ ತಂದಿಡುತ್ತದೆ. ನೋಡಿ ಕಲಿಯುವವರಿಗೆ ಅದು ಹಿಡಿಸೀತು, ನನಗೆ ಗಮನ ಚದುರಿತು. ಕ್ಲಾಡ್‌ನ ವಿವರಣೆ ನಿಧಾನದ್ದು, ಮೂರರಲ್ಲಿ ನನಗೆ ಹೆಚ್ಚು ಹಿಡಿಸಿದ ಗದ್ಯ ಅದರದ್ದೇ. ಆದರೆ ಫ್ರೀ ಖಾತೆಯ ಮಿತಿ ಬೇಗ ಮುಗಿದು, ಇನ್ನೇನು ತಿಳಿಯಿತು ಅನ್ನುವಷ್ಟರಲ್ಲಿ “ಸಂಜೆ ಬನ್ನಿ” ಅಂದುಬಿಡುತ್ತದೆ.

ಒಂದು ದೌರ್ಬಲ್ಯ ಮೂರಕ್ಕೂ ಇದೆ. “ಪ್ರಶ್ನೆ ಸಾಕು, ಉತ್ತರ ಹೇಳು” ಎಂದು ಎರಡು ಸಲ ಗದರಿದರೆ ಹೇಳಿಬಿಡುತ್ತವೆ. ನಮ್ಮ ಕಾಲದ ಲೆಕ್ಕದ ಮೇಷ್ಟರು ಹಾಗಿರಲಿಲ್ಲ.

ನಿಮ್ಮ ನೋಟ್ಸ್‌ನೊಳಗೇ ಓಡಾಡುವುದು

ಪರೀಕ್ಷೆಗೆ ಹತ್ತು ದಿನವಿದೆ, ಐದು ಯೂನಿಟ್ ನೋಟ್ಸ್ ಇದೆ, ಹಿಂದಿನ ವರ್ಷಗಳ ಕ್ವೆಶ್ಚನ್ ಪೇಪರ್ ಇದೆ. ಇಲ್ಲಿ ನೋಟ್‌ಬುಕ್‌ಎಲ್‌ಎಮ್‌ಗೆ ಸರಿಸಾಟಿ ನನಗೆ ಕಂಡಿಲ್ಲ. ಚಾಟ್‌ಜಿಪಿಟಿಯೋ ಜೆಮಿನೈಯೋ ತಾವು ಎಲ್ಲೆಲ್ಲೋ ಓದಿಕೊಂಡದ್ದನ್ನೆಲ್ಲ ಸೇರಿಸಿ ಉತ್ತರಿಸುತ್ತವೆ. ಇದು ನೀವು ಹಾಕಿದ ಕಡತಗಳನ್ನೇ ಆಧಾರವಾಗಿಟ್ಟುಕೊಂಡು ಉತ್ತರಿಸುತ್ತದೆ, ಪ್ರತಿ ವಾಕ್ಯದ ಪಕ್ಕ ಒಂದು ಪುಟ್ಟ ಸಂಖ್ಯೆ ಇಡುತ್ತದೆ. ಅದನ್ನು ಒತ್ತಿದರೆ ನೋಟ್ಸ್‌ನ ಆ ಜಾಗಕ್ಕೇ ಕರೆದೊಯ್ಯುತ್ತದೆ. ಫ್ರೀ ಖಾತೆಯಲ್ಲೇ ಒಂದು ನೋಟ್‌ಬುಕ್‌ಗೆ 50 ಕಡತ ಹಾಕಬಹುದು. ಒಂದು ವಿಷಯಕ್ಕೆ ಬೇಕಾದಷ್ಟಾಯಿತು.

ಇಬ್ಬರು ಕೂತು ಹರಟಿದಂತೆ ಪಾಠವನ್ನು ಆಡಿಯೊ ಮಾಡಿಕೊಡುವ ಸೌಲಭ್ಯವೂ ಇದೆ, ಕನ್ನಡದಲ್ಲೂ ಮಾಡಿಸಬಹುದು. ಊರಿನಿಂದ ದಿನಾ ಬಸ್ಸಿನಲ್ಲಿ ಓಡಾಡುವ ನನ್ನ ವಿದ್ಯಾರ್ಥಿಗಳು ಇದನ್ನು ಇಯರ್‌ಫೋನಿನಲ್ಲಿ ಕೇಳುತ್ತಾರೆ. ಕೇಳಿದ್ದು ಓದಿದ್ದಕ್ಕೆ ಸಮವಲ್ಲ ಅಂತ ನಾನು ಹೇಳುತ್ತಲೇ ಇರುತ್ತೇನೆ, ಅವರು ಕೇಳುತ್ತಲೇ ಇರುತ್ತಾರೆ.

ತೊಡಕು ಎರಡಿವೆ. ಝೆರಾಕ್ಸ್ ಅಂಗಡಿಯಿಂದ ಬಂದ ನೋಟ್ಸ್‌ನಲ್ಲಿ ತಪ್ಪಿದ್ದರೆ, ಅದೇ ತಪ್ಪನ್ನು ಸಂಖ್ಯೆ ಸಮೇತ ನಿಮಗೆ ಹಿಂತಿರುಗಿಸುತ್ತದೆ. ಇನ್ನೊಂದು ಅಪ್ಪಟ ನಮ್ಮ ಕಡೆಯ ತೊಡಕು. ಕನ್ನಡದ ಎಷ್ಟೋ ನೋಟ್ಸ್ ಇನ್ನೂ ನುಡಿ ಅಥವಾ ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಆದವು. ಪಿಡಿಎಫ್ ತೆರೆದರೆ ನಮ್ಮ ಕಣ್ಣಿಗೆ ಮುದ್ದಾದ ಕನ್ನಡ. ಯಂತ್ರಕ್ಕೆ ಮಾತ್ರ ಒಳಗೆ ಕಾಣುವುದು ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ, ಗುರುತುಗಳ ಕಲಸುಮೇಲೋಗರ. ಇತಿಹಾಸ ವಿಭಾಗದ ಹುಡುಗಿಯೊಬ್ಬಳು ಹೀಗೆ ನಲವತ್ತು ಪುಟ ಹಾಕಿ, ಬಂದ ಸಾರಾಂಶ ನೋಡಿ ಕಂಗಾಲಾಗಿ ಬಂದಿದ್ದಳು. ಮೊದಲು ಯಂತ್ರಗಳು ಓದಬಲ್ಲ ಯೂನಿಕೋಡ್‌ಗೆ ಪರಿವರ್ತಿಸಿ ಹಾಕಬೇಕು, ಅದಕ್ಕೆ ಉಚಿತ ಪರಿವರ್ತಕಗಳಿವೆ. ಅದೂ ಆಗದಿದ್ದರೆ ಪುಟದ ಫೋಟೊ ತೆಗೆದು ಚಿತ್ರವಾಗಿ ಕೊಡಿ. ಅಚ್ಚಿನ ಕನ್ನಡವನ್ನು ಚಿತ್ರದಿಂದ ಓದುವುದರಲ್ಲಿ ಜೆಮಿನೈ ಪರವಾಗಿಲ್ಲ. ನಮ್ಮ ಕೈಬರಹ ಅದರ ಪಾಲಿಗೆ ಇನ್ನೂ ದೇವರೇ ಗತಿ.

ಕನ್ನಡದ ವಿಷಯಕ್ಕೆ ಬಂದರೆ

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಡಿಗ್ರಿಯಲ್ಲಿ ಏಕಾಏಕಿ ಇಂಗ್ಲಿಷ್ ಪಠ್ಯಪುಸ್ತಕ ಎದುರಾದ ಮಕ್ಕಳಿಗೆ ಈ ಉಪಕರಣಗಳು ಮಾಡುವ ಉಪಕಾರ ದೊಡ್ಡದು. ಹತ್ತು ವರ್ಷದ ಹಿಂದೆ ಅಂಥ ಮಕ್ಕಳು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ಬ್ಯಾಕ್‌ಲಾಗ್ ಸೇರಿಸಿಕೊಳ್ಳುತ್ತಿದ್ದರು. ಈಗ ಪ್ಯಾರಾದ ಫೋಟೊ ತೆಗೆದು “ಇದನ್ನು ಆಡುಗನ್ನಡದಲ್ಲಿ ಹೇಳು, ತಾಂತ್ರಿಕ ಪದಗಳನ್ನು ಇಂಗ್ಲಿಷಿನಲ್ಲೇ ಬಿಡು” ಅಂದರೆ ಸಾಕು. ಎರಡನೇ ಮಾತು ಮುಖ್ಯ. ಅದನ್ನು ಹೇಳದಿದ್ದರೆ ನಾರ್ಮಲೈಸೇಶನ್ ಹೋಗಿ ‘ಸಾಮಾನ್ಯೀಕರಣ’ ಆಗುತ್ತದೆ, ಪರೀಕ್ಷೆಯಲ್ಲಿ ಆ ಪದ ಯಾರಿಗೂ ಬೇಕಿಲ್ಲ. ಮಾತಿನಲ್ಲೇ ಕೇಳಿ ಮಾತಿನಲ್ಲೇ ಉತ್ತರ ಪಡೆಯುವ ಜೆಮಿನೈ ಲೈವ್ 2024ರ ಅಕ್ಟೋಬರ್‌ನಿಂದ ಕನ್ನಡಕ್ಕೂ ಬಂದಿದೆ. ಇಂಗ್ಲಿಷ್ ಟೈಪ್ ಮಾಡಲು ಹಿಂಜರಿಯುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ.

ಸಾಹಿತ್ಯಕ್ಕೆ ಬಂದರೆ ಮಾತು ಬೇರೆ. ‘ಸಮಯಪಾಲನೆಯ ಬಗ್ಗೆ ಬಸವಣ್ಣನವರ ವಚನ ಕೊಡು’ ಅಂತ ಕೇಳಿ ನೋಡಿ. ಅಂಥದ್ದೊಂದು ಇದೆಯೋ ಇಲ್ಲವೋ ಎಂದು ಯೋಚಿಸುವ ಗೋಜಿಗೆ ಹೋಗದೆ ನಾಲ್ಕು ಸಾಲು ಹೆಣೆದು, ಕೊನೆಗೆ ಕೂಡಲಸಂಗಮದೇವ ಎಂದು ಅಂಕಿತ ಒತ್ತಿ ಕೊಡುವುದೇ ಹೆಚ್ಚು. ಒಮ್ಮೆ ನನಗೆ ಅಕ್ಕಮಹಾದೇವಿಯ ಹೆಸರಿನಲ್ಲಿ ಗುಹೇಶ್ವರ ಅಂಕಿತದ ವಚನವೇ ಬಂತು. ಅದು ಅಲ್ಲಮನದು, ಅಕ್ಕನದು ಚೆನ್ನಮಲ್ಲಿಕಾರ್ಜುನ. ಅಂಕಿತ ತಪ್ಪಿದ್ದಕ್ಕೆ ಸಿಕ್ಕಿಬಿತ್ತು. ಅಂಕಿತ ಸರಿಯಿದ್ದ ಖೋಟಾ ವಚನಗಳು ಎಷ್ಟು ಅಸೈನ್‌ಮೆಂಟುಗಳಲ್ಲಿ ಪಾಸಾಗಿ ಹೋದವೋ! ವಚನ ಬೇಕಿದ್ದರೆ ವಚನ ಸಂಚಯದ ಜಾಲತಾಣದಲ್ಲಿ ಪದ ಹಾಕಿ ಹುಡುಕಿ, ಅಥವಾ ಲೈಬ್ರರಿಯಲ್ಲಿ ಸಮಗ್ರ ವಚನ ಸಂಪುಟ ತೆಗೆಯಿರಿ. ಗಾದೆ, ಜಾನಪದ ಗೀತೆ, ಹಳಗನ್ನಡ ಪದ್ಯಗಳಿಗೂ ಇದೇ ಮಾತು. ಅಂತರಜಾಲದಲ್ಲಿ ಕನ್ನಡದ ಪಠ್ಯ ಇಂಗ್ಲಿಷಿನ ಮುಂದೆ ಹಿಡಿಯಷ್ಟು. ಕಲಿತದ್ದು ಕಡಿಮೆಯಾದಲ್ಲಿ ಯಂತ್ರ ಊಹೆ ಹೆಚ್ಚು ಮಾಡುತ್ತದೆ. ಮೇಲಾಗಿ ಕನ್ನಡದ ಒಂದು ಪದವನ್ನು ಅದು ಇಂಗ್ಲಿಷಿಗಿಂತ ಹೆಚ್ಚು ಚೂರುಗಳಾಗಿ ಒಡೆದು ಓದಬೇಕು, ಹಾಗಾಗಿ ಫ್ರೀ ಖಾತೆಯ ಮಿತಿಯೂ ಕನ್ನಡದಲ್ಲಿ ಬೇಗ ಸವೆಯಬಹುದು.

ಎಐ ಬರೆದ ಕನ್ನಡ ಪ್ರಬಂಧವನ್ನು ನಮ್ಮ ಕನ್ನಡ ವಿಭಾಗದವರು ಯಾವ ಸಾಫ್ಟ್‌ವೇರೂ ಇಲ್ಲದೆ ಹಿಡಿಯುತ್ತಾರೆ. ಪ್ರತಿ ಪ್ಯಾರಾದಲ್ಲಿ ಯಾವುದೋ ಒಂದು ‘ಮಹತ್ವದ ಪಾತ್ರವನ್ನು ವಹಿಸುತ್ತದೆ’. ಹಾಸನದ ಹುಡುಗನಾಗಲಿ ಕಲಬುರಗಿಯ ಹುಡುಗನಾಗಲಿ ತನ್ನಷ್ಟಕ್ಕೆ ಹಾಗೆ ಬರೆಯುವುದಿಲ್ಲ.

ಆಕರ ಹುಡುಕುವಾಗ

ಪರ್ಪ್ಲೆಕ್ಸಿಟಿ ಅಂತರಜಾಲದಲ್ಲಿ ಹುಡುಕಿ, ಉತ್ತರದ ಜೊತೆಗೇ ಕೊಂಡಿಗಳನ್ನು ಕೊಡುತ್ತದೆ. ಚಾಟ್‌ಜಿಪಿಟಿ, ಜೆಮಿನೈಗಳೂ ಈಗ ಹುಡುಕಬಲ್ಲವು. ಪರ್ಪ್ಲೆಕ್ಸಿಟಿಯ ಹುಟ್ಟುಗುಣವೇ ಅದು, ಅಷ್ಟೇ ವ್ಯತ್ಯಾಸ. ಸಿನಾಪ್ಸಿಸ್ ಬರೆಯುವ ಮೊದಲ ದಿನ ವಿಷಯದ ನಕ್ಷೆ ಸಿಗಲು ಒಳ್ಳೆಯದು. ಆದರೆ ಕೊಂಡಿ ಇದೆಯೆಂದ ಮಾತ್ರಕ್ಕೆ ಮಾತು ನಿಜವಾಗುವುದಿಲ್ಲ. ಎಷ್ಟೋ ಸಲ ಕೊಂಡಿ ಅಸಲಿ, ಅಲ್ಲಿ ಹೋಗಿ ಓದಿದರೆ ಆ ಮಾತೇ ಇರುವುದಿಲ್ಲ. ಹುಡುಕದೆ ನೆನಪಿನಿಂದ ಪ್ರಬಂಧಗಳ ಪಟ್ಟಿ ಕೊಡು ಅಂದರಂತೂ ಲೇಖಕರ ಹೆಸರು, ಪತ್ರಿಕೆ, ಪುಟಸಂಖ್ಯೆ ಎಲ್ಲ ಸೃಷ್ಟಿಯಾಗುತ್ತವೆ. ನ್ಯೂಯಾರ್ಕಿನ ಇಬ್ಬರು ವಕೀಲರು ವಿಮಾನ ಕಂಪನಿಯೊಂದರ ವಿರುದ್ಧದ ಮೊಕದ್ದಮೆಯಲ್ಲಿ ಚಾಟ್‌ಜಿಪಿಟಿ ಹೇಳಿದ ಹಳೆಯ ತೀರ್ಪುಗಳನ್ನು ಉಲ್ಲೇಖಿಸಿದರು. ಅಂಥ ತೀರ್ಪುಗಳೇ ಇರಲಿಲ್ಲ. 2023ರ ಜೂನ್‌ನಲ್ಲಿ ನ್ಯಾಯಾಲಯ 5,000 ಡಾಲರ್ ದಂಡ ಹಾಕಿತು.

ನಾನು ಹೇಳಿಕೊಡುವ ಕ್ರಮ ಹೀಗೆ: ಪರ್ಪ್ಲೆಕ್ಸಿಟಿಯಲ್ಲಿ ಪಾರಿಭಾಷಿಕ ಪದಗಳನ್ನು ಹಿಡಿಯಿರಿ, ಆ ಪದಗಳನ್ನು ಗೂಗಲ್ ಸ್ಕಾಲರ್‌ಗೆ ಹಾಕಿ, ನಮ್ಮ ದೇಶದ ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ನೋಡಿ. ಸಿಕ್ಕ ಪಿಡಿಎಫ್‌ಗಳನ್ನು ನೋಟ್‌ಬುಕ್‌ಎಲ್‌ಎಮ್‌ಗೆ ಹಾಕಿ ಪ್ರಶ್ನೆ ಕೇಳಿ. ಕಣ್ಣಾರೆ ಓದದ ಪ್ರಬಂಧವನ್ನು ಗ್ರಂಥಋಣಕ್ಕೆ ಸೇರಿಸಬೇಡಿ, ವೈವಾದಲ್ಲಿ ಎಕ್ಸ್‌ಟರ್ನಲ್ ಅದನ್ನೇ ಕೇಳಿಯಾರು.

ಕೋಡ್ ಮತ್ತು ಲೆಕ್ಕ

ಗಿಟ್‌ಹಬ್ ಕೋಪೈಲಟ್ ನೀವು ಟೈಪ್ ಮಾಡುತ್ತಿರುವಾಗಲೇ ಮುಂದಿನ ಸಾಲನ್ನು ಮಸುಕಾಗಿ ತೋರಿಸುತ್ತದೆ, ಟ್ಯಾಬ್ ಒತ್ತಿದರೆ ಸೇರುತ್ತದೆ. ವಿದ್ಯಾರ್ಥಿ ಎಂದು ಕಾಲೇಜಿನ ಗುರುತಿನ ಚೀಟಿ ಕೊಟ್ಟು ದೃಢಪಡಿಸಿದರೆ ಹಣ ಕೊಡಬೇಕಿಲ್ಲ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದು ಸಮಯ ಉಳಿಸುತ್ತದೆ. ಮೊದಲ ವರ್ಷದಲ್ಲಿ ಸಿ ಭಾಷೆಯ ಪಾಯಿಂಟರ್ ಜೊತೆ ಗುದ್ದಾಡುತ್ತಿರುವವರಿಗೆ ಇದು ಪೂರ್ತಿ ನಷ್ಟ. ಲ್ಯಾಬ್ ರೆಕಾರ್ಡ್ ಚೆಂದ ಇರುತ್ತದೆ. ಲ್ಯಾಬ್ ಪರೀಕ್ಷೆಯ ದಿನ ಇಂಟರ್ನೆಟ್ ಇಲ್ಲದ ಕಂಪ್ಯೂಟರಿನ ಮುಂದೆ ಕೈ ಓಡುವುದಿಲ್ಲ. ಮೊದಲ ಎರಡು ಸೆಮಿಸ್ಟರ್ ಚಾಟ್‌ಜಿಪಿಟಿ ಅಥವಾ ಕ್ಲಾಡ್‌ಗೆ ಎರರ್ ಮೆಸೇಜ್ ಮಾತ್ರ ಕೊಡಿ. “ಇದರ ಅರ್ಥ ಹೇಳು, ತಿದ್ದಿ ಕೊಡಬೇಡ” ಎಂದು ಕೇಳುವುದು ರೂಢಿಯಾಗಲಿ.

ಗಣಿತಕ್ಕೆ ಇವೆಲ್ಲವೂ ಮೊದಲಿಗಿಂತ ಎಷ್ಟೋ ಮೇಲು. ಆದರೂ ನಡುವಿನ ಒಂದು ಸಾಲಿನಲ್ಲಿ ಚಿಹ್ನೆ ತಪ್ಪಿ, ಅದೇ ಆತ್ಮವಿಶ್ವಾಸದಲ್ಲಿ ಕೊನೆ ಮುಟ್ಟುವುದುಂಟು. ಉತ್ತರವನ್ನು ವುಲ್‌ಫ್ರಮ್ ಆಲ್ಫಾದಲ್ಲಿ ತಾಳೆ ನೋಡಿ. ಅದು ಮಾತು ಜೋಡಿಸುವ ಯಂತ್ರವಲ್ಲ, ನಿಜಕ್ಕೂ ಲೆಕ್ಕ ಮಾಡುತ್ತದೆ.

ಸಿಕ್ಕಿಬೀಳುವ ಭಯ

ಇದನ್ನು ನೇರವಾಗಿ ಕೇಳುವವರು ಕಡಿಮೆ, ಬಳಸಿ ಬಂದು ಕೇಳುವವರು ಬಹಳ. “ಮೇಡಂ, ಅದನ್ನ ಕಂಡುಹಿಡಿಯೋ ಸಾಫ್ಟ್‌ವೇರ್ ಇದ್ಯಂತೆ?” ಇದೆ, ಆದರೆ ಅದರ ಮಾತನ್ನೂ ನಂಬುವಂತಿಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ಇಂಥದ್ದೊಂದನ್ನು 2023ರ ಜನವರಿಯಲ್ಲಿ ತಂದು ಅದೇ ಜುಲೈನಲ್ಲಿ ಮುಚ್ಚಿತು. ಎಐ ಬರೆದದ್ದರಲ್ಲಿ ಶೇ 26ನ್ನು ಮಾತ್ರ ಅದು ಹಿಡಿಯುತ್ತಿತ್ತು, ಮನುಷ್ಯರು ಬರೆದದ್ದರಲ್ಲಿ ಶೇ 9ರ ಮೇಲೆ ಸುಳ್ಳೇ ಆರೋಪ ಹೊರಿಸುತ್ತಿತ್ತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನವರು ಇಂಗ್ಲಿಷ್ ತಾಯ್ನುಡಿಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಹಾಕಿದಾಗ, ಸರಾಸರಿ ಶೇ 61ನ್ನು ಅವು ಎಐ ಬರಹವೆಂದವು. ಸರಳ ಪದ, ಸರಳ ವಾಕ್ಯದ ಇಂಗ್ಲಿಷ್ ಬರೆದದ್ದೇ ತಪ್ಪಾಯಿತು. ನಮ್ಮ ಮಕ್ಕಳು ಬರೆಯುವುದೂ ಅಂಥ ಇಂಗ್ಲಿಷನ್ನೇ.

ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮದಲ್ಲಿರುವ ಶೇ 10ರ ಮಿತಿ ಬೇರೆ ಸಂಗತಿ. ಅದು ಬೇರೆಯವರ ಬರಹದ ಜೊತೆಗಿನ ಹೋಲಿಕೆಗೆ ಸಂಬಂಧಿಸಿದ್ದು. ಎಐ ಬರೆದದ್ದು ಹೊಸ ವಾಕ್ಯಗಳಾದ್ದರಿಂದ ಅಲ್ಲಿ ಶೇ 3 ಬಂದು, ಎಐ ವರದಿಯಲ್ಲಿ ಶೇ 80 ಬರಬಹುದು. ತಿರುಗುಮುರುಗೂ ಆಗಬಹುದು. ಅದಕ್ಕೇ ರಿಪೋರ್ಟನ್ನು ಗೂಗಲ್ ಡಾಕ್ಸ್‌ನಲ್ಲೇ ಬರೆಯಿರಿ. ಯಾವ ದಿನ ಯಾವ ಸಾಲು ಬರೆದಿರಿ, ಯಾವುದನ್ನು ಅಳಿಸಿದಿರಿ ಎಂಬ ಚರಿತ್ರೆ ಅಲ್ಲೇ ಉಳಿಯುತ್ತದೆ. ಸುಳ್ಳು ಆರೋಪ ಬಂದ ದಿನ ನಿಮ್ಮ ಪರ ಸಾಕ್ಷಿ ಹೇಳುವುದು ಅದೊಂದೇ. ವ್ಯಾಕರಣ ತಿದ್ದಿಸಿಕೊಂಡಿದ್ದರೆ ‘ಭಾಷೆ ತಿದ್ದಲು ಇಂಥ ಉಪಕರಣ ಬಳಸಿದ್ದೇನೆ’ ಎಂದು ಮುನ್ನುಡಿಯಲ್ಲಿ ಒಂದು ಸಾಲು ಹಾಕಿ. ಗೈಡ್‌ಗೆ ಮೊದಲೇ ಹೇಳಿಬಿಡಿ.

ದುಡ್ಡಿನ ವಿಚಾರ

ಡಿಗ್ರಿ ಓದಿಗೆ ದುಡ್ಡು ಕೊಟ್ಟು ಕೊಳ್ಳಲೇಬೇಕಾದದ್ದು ಇವುಗಳಲ್ಲಿ ಯಾವುದೂ ಇಲ್ಲ. ಚಾಟ್‌ಜಿಪಿಟಿ ಗೋ ಎಂಬ ಅಗ್ಗದ ಯೋಜನೆ ನಮ್ಮ ದೇಶದಲ್ಲಿ 2025ರ ಆಗಸ್ಟ್‌ನಲ್ಲಿ ತಿಂಗಳಿಗೆ 399 ರೂಪಾಯಿಗೆ ಶುರುವಾಗಿ, ನವೆಂಬರ್‌ನಲ್ಲಿ ಒಂದು ವರ್ಷ ಉಚಿತ ಎಂದಾಯಿತು. ಏರ್‌ಟೆಲ್ ಸಿಮ್ ಜೊತೆ ಪರ್ಪ್ಲೆಕ್ಸಿಟಿ ಪ್ರೊ, ಜಿಯೋ ಜೊತೆ ಜೆಮಿನೈ ಪ್ರೊ ಕೊಟ್ಟರು. ಈ ಕೊಡುಗೆಗಳು ಬರುತ್ತವೆ, ಹೋಗುತ್ತವೆ. ಅದನ್ನು ನೋಡಿ ಸಿಮ್ ಪೋರ್ಟ್ ಮಾಡಿಸಬೇಡಿ.

ಫ್ರೀ ಅಂದಮೇಲೆ ಎರಡು ಕಡೆ ಕಣ್ಣಿರಲಿ. ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಸಂಭಾಷಣೆಯನ್ನು ಮಾದರಿಯ ತರಬೇತಿಗೆ ಬಳಸಲು ಒಪ್ಪಿಗೆ ಕೊಡುವ ಗುಂಡಿ ಇರುತ್ತದೆ, ಆಫ್ ಮಾಡಿಬಿಡಿ. ಆಫ್ ಮಾಡಿದ ಮೇಲೂ ಸರ್ವೆಗೆ ಹೋದಾಗ ಜನ ತುಂಬಿಕೊಟ್ಟ ಫಾರಂಗಳನ್ನು, ಹೆಸರು, ಫೋನ್ ನಂಬರ್ ಸಮೇತ ಅದಕ್ಕೆ ಹಾಕಬೇಡಿ. ಅವರು ಮಾಹಿತಿ ಕೊಟ್ಟದ್ದು ನಿಮಗೆ.

ಇನ್ನೊಂದು, ಯುಪಿಐ ಆಟೋಪೇ. ಕೆಲವು ಉಚಿತ ಕೊಡುಗೆಗಳು ಶುರುವಿನಲ್ಲೇ ಅದಕ್ಕೆ ಒಪ್ಪಿಗೆ ಪಡೆದಿರುತ್ತವೆ, ಅವಧಿ ಮುಗಿದ ಮರುದಿನದಿಂದ ದುಡ್ಡು ಕಡಿತ. ನನ್ನ ತರಗತಿಯ ಹುಡುಗನೊಬ್ಬ ಅಪ್ಪನ ಖಾತೆ ಜೋಡಿಸಿ ಮರೆತಿದ್ದ. ಬ್ಯಾಂಕಿನ ಮೆಸೇಜು ಹೊಲದಲ್ಲಿದ್ದ ಅಪ್ಪನಿಗೆ ಹೋಯಿತು. ಅವರು ಯಾವುದೋ ಸೈಬರ್ ವಂಚನೆ ಅಂದುಕೊಂಡು ಸ್ಟೇಷನ್ನಿಗೆ ಹೊರಟಿದ್ದರಂತೆ. ಒಪ್ಪಿಗೆ ಕೊಟ್ಟ ದಿನವೇ ಯುಪಿಐ ಆ್ಯಪಿಗೆ ಹೋಗಿ ಆ ಆಟೋಪೇ ಎಲ್ಲಿ ರದ್ದು ಮಾಡಬೇಕೆಂದು ನೋಡಿಟ್ಟುಕೊಳ್ಳಿ, ಹನ್ನೊಂದನೇ ತಿಂಗಳಿಗೆ ಫೋನಿನಲ್ಲಿ ರಿಮೈಂಡರ್ ಹಾಕಿ.